ಹಿಮದಲ್ಲಿ ಪಂಚೆಯುಟ್ಟವನು

ಹಲ್ಲುಜ್ಜುತ್ತಿದ್ದ ಹಾಗೆಯೇ ಹರಿಹರ ತಾನು ಹಿಮದಲ್ಲಿ ನಿಂತಿರುವುದನ್ನು ನೋಡಿದ. ಬಿಳಿ ಪಂಚೆ, ಜರಿಯಂಚಿನ ಶಲ್ಯ, ಎದೆಯ ಮೇಲೆ ರಾಜ್ಯೋತ್ಸವದ ಕೆಂಪು ಹಳದಿ ಬ್ಯಾಡ್ಜು. ಹಿಂದೆ ಕಾಕಸಸ್ ಪರ್ವತಗಳು. ಅಕ್ಕಪಕ್ಕದವರೆಲ್ಲ ಕಣ್ಣು ಮಾತ್ರ ಕಾಣುವಂತೆ ಉಣ್ಣೆಯಲ್ಲಿ ಹುದುಗಿಕೊಂಡಿದ್ದರೆ ಅವನೊಬ್ಬ ಚಳಿಯ ಪರಿವೆಯೇ ಇಲ್ಲದೆ ಬಾಯಿತುಂಬ ನಗುತ್ತಿದ್ದ. ಹೆಂಡತಿ ಚಿನ್ಮಯಿ ಅವನ ಹೆಗಲಿಗೆ ತಲೆ ಒರಗಿಸಿದ್ದಳು. ಹಾಗೆ ಅವಳು ತಲೆ ಒರಗಿಸಿ ಎಷ್ಟು ಕಾಲವಾಯಿತು ಎಂದು ಯೋಚಿಸುವಷ್ಟರಲ್ಲಿ ಪೇಸ್ಟಿನ ನೊರೆ ಗಲ್ಲಕ್ಕಿಳಿಯಿತು.

ಫೋನನ್ನು ಕನ್ನಡಿಯ ಕೆಳಗೆ ಒರಗಿಸಿಟ್ಟು ಬಾಯಿ ಮುಕ್ಕಳಿಸಿದ. ಕನ್ನಡಿಯಲ್ಲೊಬ್ಬ, ಫೋನಿನಲ್ಲೊಬ್ಬ. ಇಬ್ಬರಲ್ಲಿ ಫೋನಿನವನೇ ಲಕ್ಷಣವಾಗಿದ್ದ.

ಅದು ಕಟೌಟು. ಮದುವೆಗೆ, ಕಿವಿ ಚುಚ್ಚುವುದಕ್ಕೆ, ವಾರ್ಡಿನ ಯಾವನೋ ಪುಢಾರಿ ತೀರ್ಥಯಾತ್ರೆ ಮುಗಿಸಿ ಬಂದದ್ದಕ್ಕೂ ಕಟೌಟು ನಿಲ್ಲಿಸುವ ಊರು ಚೆನ್ನೈ. ಇಲ್ಲೇ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ರೈಲ್ವೆಯಲ್ಲೇ ಕೆಲಸಕ್ಕೆ ಸೇರಿದ ಗೆಳೆಯ ಗುರುಚರಣನಿಗೆ ಬೇರೆ ಉಪಾಯ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ಗೆಳೆಯರೆಲ್ಲ ಸೇರಿ ಯಾವುದಾದರೂ ತಣ್ಣನೆಯ ದೇಶದ ಬೆಟ್ಟಕ್ಕೆ ಹೋಗುವುದು, ಬೆಟ್ಟದ ಮೇಲಿನ ಗ್ರೂಪ್ ಫೋಟೋದಲ್ಲಿ ಒಬ್ಬರೂ ತಪ್ಪದೆ ಇರುವುದು ಅವನು ಮಾಡಿಟ್ಟ ಕಾನೂನು. ಈ ಸಲ ಜಾರ್ಜಿಯಾ. ಹರಿಹರನಿಗೆ ರಜೆ ಸಿಗಲಿಲ್ಲ. ಕಾನೂನು ಮುರಿಯಬಾರದು. ಗುರುಚರಣ ಪುರಸೈವಾಕ್ಕಮ್ಮಿನ ಫ್ಲೆಕ್ಸ್ ಅಂಗಡಿಯಲ್ಲಿ ಹಗುರವಾದ ಹಲಗೆಯ ಮೇಲೆ ಅವನನ್ನು ಆಳೆತ್ತರಕ್ಕೆ ಮಾಡಿಸಿ, ಸೊಂಟದಲ್ಲಿ ಮಡಚುವ ಹಾಗೆ ಸೀಳು ಕೊಡಿಸಿ, ಪ್ಯಾಕು ಮಾಡಿಸಿಕೊಂಡು ವಿಮಾನ ಹತ್ತಿದ್ದ. ವಿಮಾನ ನಿಲ್ದಾಣಕ್ಕೆ ಎಲ್ಲರನ್ನೂ ಬಿಡಲು ಹೋಗಿದ್ದ ಹರಿಹರ, ಆ ಪೊಟ್ಟಣದಲ್ಲಿ ತಾನೇ ಇರುವುದು ಗೊತ್ತಿಲ್ಲದೆ ಅದನ್ನು ಟ್ರಾಲಿಗೆ ಎತ್ತಿಕೊಟ್ಟಿದ್ದ.

ರಜೆ ಸಿಗಲಿಲ್ಲ ಎನ್ನುವುದು ಸುಳ್ಳು. ರಜೆ ಸಿಕ್ಕಿತ್ತು. ಅವನೇ ವಾಪಸು ಮಾಡಿದ್ದ. ಇನ್ಶೂರೆನ್ಸ್ ಆಫೀಸಿನಲ್ಲಿ ದಿಢೀರನೆ ಆಡಿಟ್ ಬಂತು ಎಂದು ಮನೆಯಲ್ಲಿ ಹೇಳಿದಾಗ ಚಿನ್ಮಯಿ ಹೆಚ್ಚು ಕೇಳಲಿಲ್ಲ. ತಾನೂ ಹೋಗುವುದಿಲ್ಲ ಎಂದು ಎರಡು ದಿನ ಹಟ ಹಿಡಿದಳು, ಅವನು ಅದಕ್ಕಿಂತ ಜೋರಾಗಿ ಹಟ ಹಿಡಿದು ಅವಳನ್ನೂ ಮಗಳು ಶ್ರೀಯಾಳನ್ನೂ ಕಳಿಸಿದ.

ಕಾರಣ ಹೇಳಿದರೆ ನಗುವಂಥದ್ದು. ಹೋದ ವರ್ಷದ ಪ್ರವಾಸದಲ್ಲಿ, ಅಲ್ಮಾಟಿಯ ಬೆಟ್ಟದ ಮನೆಯಲ್ಲಿ ಎಲ್ಲರೂ ಬೆಂಕಿಯ ಸುತ್ತ ಕೂತಿದ್ದಾಗ ಅವನು ಶಾಲು ತರುತ್ತೇನೆಂದು ಎದ್ದು ಕಾರಿಗೆ ಹೋದ. ಶಾಲು ಸಿಕ್ಕಿದ ಮೇಲೂ ಸುಮ್ಮನೆ ಹೊರಗೆ ನಿಂತ. ಗಾಜಿನ ಕಿಟಕಿಯೊಳಗೆ ಗುರುಚರಣ ಏನೋ ಹೇಳುತ್ತಿದ್ದ, ಅವನ ಹೆಂಡತಿ ಕಲಾವತಿ ಅವನ ಬೆನ್ನಿಗೆ ಗುದ್ದುತ್ತಿದ್ದಳು, ಚಿನ್ಮಯಿ ಕಣ್ಣೀರು ಬರುವಷ್ಟು ನಗುತ್ತಿದ್ದಳು. ತನ್ನ ಕುರ್ಚಿಯ ಮೇಲೆ ಯಾರೋ ಕೋಟುಗಳನ್ನು ಗುಡ್ಡೆ ಹಾಕಿದ್ದರು. ಈಗ ಯಾರಾದರೂ ಬಾಗಿಲು ತೆಗೆದು ‘ಹರಿ ಎಲ್ಲಿ’ ಎಂದು ಕೇಳುತ್ತಾರೆ ಎಂದು ಅವನು ಕಾದ. ಕಾಲು ಮರಗಟ್ಟುವವರೆಗೂ ಕಾದ. ಆಮೇಲೆ ತಾನೇ ಒಳಗೆ ಹೋದ. ಕಲಾವತಿ ಕೋಟುಗಳನ್ನು ಸರಿಸಿ ಅವನ ಕೈಗೆ ತಟ್ಟೆ ಕೊಟ್ಟಳು, ಹೇಳುತ್ತಿದ್ದ ಮಾತನ್ನು ನಿಲ್ಲಿಸದೆ.

ಯಾರೂ ತಪ್ಪು ಮಾಡಿರಲಿಲ್ಲ. ತಟ್ಟೆಯಲ್ಲಿ ಅವನಿಗಿಷ್ಟವೆಂದು ಖಾರ ಜಾಸ್ತಿ ಹಾಕಿ ಎತ್ತಿಟ್ಟಿದ್ದ ಚಿತ್ರಾನ್ನವಿತ್ತು. ಅವರು ಅವನನ್ನು ಪ್ರೀತಿಸುತ್ತಿದ್ದರು, ಅವನೂ ಅವರನ್ನು ಪ್ರೀತಿಸುತ್ತಿದ್ದ. ಆದರೆ ಆ ದಿನದಿಂದ ಅವನಿಗೆ ಒಂದೇ ಹುಚ್ಚು. ತಾನಿಲ್ಲದ ಜಾಗ ಎಷ್ಟು ದೊಡ್ಡದಾಗಿ ಕಾಣುತ್ತದೆ, ನೋಡಬೇಕು. ಈ ಡಿಸೆಂಬರಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ನೋಡಲು ಕೂತ. ಅವರು ಅಲ್ಲಿ ಕಟೌಟು ನಿಲ್ಲಿಸಿದರು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಗುರುಚರಣನ ವಾಯ್ಸ್ ಮೆಸೇಜು ಬಂದಿತ್ತು.

“ಹರೀ, ಕೇಳು ಡಾ. ನಿನ್ ಟಿಕೆಟ್ಟು ನಾನು ಕ್ಯಾನ್ಸಲ್ ಮಾಡ್ಲೇ ಇಲ್ಲ, ಡೇಟ್ ಮಾತ್ರ ತಳ್ಳಿಟ್ಟಿದ್ದೆ. ನಾಳೆ ಫ್ಲೈಟು. ವೀಸಾ ಇದೆ, ರೂಮಲ್ಲಿ ಜಾಗ ಇದೆ. ಆಡಿಟ್ಟು ಗೀಡಿಟ್ಟು ಅಂತ ಚುಮ್ಮಾ ಸೀನ್ ಹಾಕ್ಬೇಡ. ಸಾಯಂಕಾಲ ವಿಡಿಯೋ ಕಾಲ್ ಮಾಡ್ತೀವಿ. ಬರ್ತೀಯೋ ಇಲ್ವೋ, ಒಂದೇ ಮಾತು ಹೇಳ್ಬಿಡು. ನೀನಿಲ್ದೆ ಇಲ್ಲಿ ಮಜಾನೇ ಇಲ್ಲ ಕಣೋ.”

ಕೊನೆಯ ವಾಕ್ಯದ ಹಿಂದೆ ಎಲ್ಲರೂ ಬಿದ್ದು ಬಿದ್ದು ನಗುತ್ತಿರುವುದು ಕೇಳಿಸಿತು. ಆದರೂ ಹರಿಹರನಿಗೆ ಹೋಗಿಬಿಡಬೇಕು ಅನ್ನಿಸಿತು. ಸಾಯಂಕಾಲ ಬರುತ್ತೇನೆ ಅನ್ನಬೇಕು, ಆಮೇಲೆ ಚಿನ್ಮಯಿಯನ್ನು ಒಬ್ಬಳನ್ನೇ ಕರೆದು ಸುಳ್ಳು ಹೇಳಿದ್ದನ್ನೂ ಯಾಕೆ ಹೇಳಿದ್ದೆಂಬುದನ್ನೂ ಹೇಳಿಬಿಡಬೇಕು. ಅವಳು ನಗಲಿ, ಬೈಯಲಿ. ಅಷ್ಟು ನಿರ್ಧಾರ ಮಾಡಿದ್ದಕ್ಕೇ ಹಸಿವಾಗಿ ಅಪರೂಪಕ್ಕೆ ಸರವಣದಂಥ ಒಂದು ದೊಡ್ಡ ಹೋಟೆಲಿಗೆ ಹೋಗಿ ಪೊಂಗಲ್ ತಿಂದ.

ಆಫೀಸಿನಲ್ಲಿ ಆಡಿಟ್ಟೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಅರ್ಧಕ್ಕರ್ಧ ಜನ ರಜೆಯಲ್ಲಿದ್ದರು. ಉಳಿದವರು ಮಾರ್ಗಳಿ ತಿಂಗಳ ಸಂಗೀತ ಕಚೇರಿಗಳಲ್ಲಿ ಯಾವ ಸಭೆಯ ಕ್ಯಾಂಟೀನು ಚೆನ್ನಾಗಿದೆ ಎಂದು ಚರ್ಚಿಸುತ್ತಿದ್ದರು. ಹರಿಹರ ಹಳೆಯ ಕ್ಲೇಮಿನ ಕಡತವೊಂದನ್ನು ತೆರೆದಿಟ್ಟುಕೊಂಡು ಫೋಟೋಗಳನ್ನು ನೋಡಿದ. ಕಟೌಟು ಕೇಬಲ್ ಕಾರಿನಲ್ಲಿ ಕಿಟಕಿ ಪಕ್ಕ ಕೂತಿತ್ತು. ಕಟೌಟಿನ ಮುಂದೆ ಸೂಪಿನ ಬಟ್ಟಲಿತ್ತು. ಬ್ಯಾಂಕಿನ ಜಯರಾಮ, ಅವರ ಗುಂಪಿನ ಏಕೈಕ ಬ್ರಹ್ಮಚಾರಿ, ಕಟೌಟಿನ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿದ್ದ. ಜಯರಾಮ ಹರಿಹರನಿಗೆ ಈವರೆಗೆ ಒಂದೂ ಗುಟ್ಟು ಹೇಳಿರಲಿಲ್ಲ.

ಮಧ್ಯಾಹ್ನ ಕಲಾವತಿಯ ಮೆಸೇಜು ಬಂತು. ನಗು ತಡೆಯಲಾರದೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದ್ದಳು. ಅವರು ತಂಗಿದ್ದ ಮನೆಯ ಯಜಮಾನಿ, ದಪ್ಪ ಉಣ್ಣೆಯ ಸ್ಕಾರ್ಫಿನ ಮುದುಕಿ, ಇಷ್ಟು ಅಕ್ಕರೆಯಿಂದ ಪಟ ಹೊತ್ತು ತಿರುಗುವವರನ್ನು ನೋಡಿ, ತೀರಿಹೋದವರಾರೋ ಇವರಿಗೆ ತುಂಬ ಬೇಕಾದವರೆಂದು ತಿಳಿದುಕೊಂಡಳಂತೆ. ಇವರೆಲ್ಲ ತಿಂಡಿಗೆ ಇಳಿದು ಬರುವಷ್ಟರಲ್ಲಿ ಕಟೌಟಿನ ಕಾಲ ಬುಡದಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಕೈಮುಗಿದು ನಿಂತಿದ್ದಳಂತೆ. ಇಲ್ಲ ಆಂಟಿ, ಬದುಕಿದಾನೆ, ಮದ್ರಾಸಲ್ಲಿದಾನೆ ಎಂದು ಗುರುಚರಣ ಅಭಿನಯ ಮಾಡಿ ತೋರಿಸಿದರೂ ಆಕೆ ನಂಬದೆ ಚಿನ್ಮಯಿಯ ತಲೆ ಸವರಿದಳಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಿಮ್ಮ ಹೆಂಡ್ತಿ ಮಾತ್ರ ನಗಲಿಲ್ಲ ನೋಡಿ, ಬತ್ತಿ ಆರಿಸಿ ಜೇಬಿಗೆ ಹಾಕಿಕೊಂಡು ಹೋದಳು, ಎಂದು ಕಲಾವತಿ ಮುಗಿಸಿದ್ದಳು.

ಹರಿಹರ ಆ ಕೊನೆಯ ಭಾಗವನ್ನು ಮತ್ತೆ ಕೇಳಿದ. ನಗಲಿಲ್ಲ ಎಂಬುದು ಅವನಿಗೆ ಇಡೀ ದಿನದಲ್ಲಿ ಸಿಕ್ಕ ಮೊದಲ ಸಮಾಧಾನ. ಅಂಥ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಸಂಜೆ ಬೇಗ ಹೊರಟು ಪುರಸೈವಾಕ್ಕಮ್ಮಿಗೆ ಹೋಗಿ ಉಣ್ಣೆಯ ಗ್ಲೌಸು ಕೇಳಿದ. ಅಂಗಡಿಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಊಟಿಗಾ ಸಾರ್ ಎಂದರು. ಅದಕ್ಕಿಂತ ದೂರ ಎಂದ. ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಯಿತು. ಬೆವರಿದ ಕೈ ಗ್ಲೌಸಿನೊಳಗೆ ಹೋಗಲೊಲ್ಲದು. ಒಬ್ಬಳು ಪೌಡರು ಹಾಕಿ ತೂರಿಸಿದಳು. ಎರಡೂ ಕೈಗೆ ಕಪ್ಪು ಗ್ಲೌಸು ತೊಟ್ಟು, ತಲೆಯ ಮೇಲಿನ ಫ್ಯಾನಿನ ಕೆಳಗೆ ಬೆವರು ಸುರಿಸುತ್ತ ನಿಂತಾಗ ಹರಿಹರನಿಗೆ ಕಾರಣವಿಲ್ಲದೆ ಖುಷಿಯಾಯಿತು. ಆ ಹುಡುಗಿಯರು ನಕ್ಕರು. ಅವನೂ ನಕ್ಕ. ನಾಳೆ ಇಷ್ಟು ಹೊತ್ತಿಗೆ ವಿಮಾನ ನಿಲ್ದಾಣದಲ್ಲಿರುತ್ತೇನೆ ಎಂದು ಅವರಿಗೆ ಬೇಡದ ಸುದ್ದಿಯನ್ನೂ ಹೇಳಿದ.

ಹಣ ಕೊಟ್ಟು ಹೊರಬರುವಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಫ್ಲೆಕ್ಸ್ ಅಂಗಡಿಯವನು. ಗುರುಚರಣ್ ಸಾರ್ ಈ ನಂಬರು ಕೊಟ್ಟಿದ್ದರು, ಇನ್ನೊಂದು ಪೀಸ್ ರೆಡಿಯಾಗಿದೆ, ಬಂದು ತೆಗೆದುಕೊಂಡು ಹೋಗಿ ಎಂದ. ಅಂಗಡಿ ಹಿಂದಿನ ಬೀದಿಯಲ್ಲೇ ಇತ್ತು.

ದಾರದ ಮೇಲೆ ಒಣಹಾಕಿದ್ದ ಶ್ರದ್ಧಾಂಜಲಿ ಬೋರ್ಡುಗಳ ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿ, ಪಂಚೆಯುಟ್ಟು ಹರಿಹರ ನಗುತ್ತಿದ್ದ. ವಿಮಾನದಲ್ಲಿ ಮುರಿದರೆ ಇರಲಿ ಎಂದು ಗುರುಚರಣ ಎರಡು ಹೇಳಿದ್ದನಂತೆ. ಎರಡನೆಯದು ಹೊತ್ತಿಗೆ ಸರಿಯಾಗಿ ಆಗಿರಲಿಲ್ಲ. ಅಂಗಡಿಯವನು ಕಟೌಟನ್ನು ನೋಡಿದ, ಹರಿಹರನನ್ನು ನೋಡಿದ, ಮತ್ತೆ ಕಟೌಟನ್ನು ನೋಡಿದ.

“ನೇರ್ಲ ವೇರ ಮಾದ್ರಿ ಇರುಕ್ಕೀಂಗ ಸಾರ್,” ಎಂದ. ಎದುರಿಗೆ ಬೇರೆ ಥರ ಕಾಣುತ್ತೀರಿ.

ಹರಿಹರ ಅದರ ಮುಂದೆ ನಿಂತ. ನವೆಂಬರಿನ ರಾಜ್ಯೋತ್ಸವದಲ್ಲಿ ತೆಗೆದ ಫೋಟೋ. ಗುರುಚರಣ ಏನೋ ತಮಾಷೆ ಮಾಡಿದ್ದ, ಯಾರೋ ಕ್ಲಿಕ್ಕಿಸಿದ್ದರು. ಏನು ತಮಾಷೆ? ನೆನಪಾಗಲಿಲ್ಲ. ಸಭೆ ನೆನಪಿತ್ತು, ನಾಡಗೀತೆಗೆ ಎದ್ದು ನಿಂತದ್ದು ನೆನಪಿತ್ತು, ಕೇಸರಿಬಾತಿನಲ್ಲಿ ಗೋಡಂಬಿ ಇರಲಿಲ್ಲವೆಂಬುದೂ ನೆನಪಿತ್ತು. ನಕ್ಕದ್ದು ನೆನಪಿರಲಿಲ್ಲ. ಇಷ್ಟು ಬಿಚ್ಚಿ, ವಸಡು ಕಾಣುವಂತೆ, ಕಣ್ಣು ಮುಚ್ಚಿಹೋಗುವಂತೆ ನಕ್ಕವನಿಗೆ ಒಳಗೂ ಏನಾದರೂ ಆಗಿರಲೇಬೇಕಲ್ಲ. ಬೆಟ್ಟದ ಮೇಲಿನ ಅವರೆಲ್ಲ ಪ್ರೀತಿಸುತ್ತಿದ್ದುದು ಇವನನ್ನು. ಇವನು ಆಗಲೇ ಅಲ್ಲಿಗೆ ಹೋಗಿ ತಲುಪಿದ್ದಾನೆ, ಚೆನ್ನಾಗಿ ಹೊಂದಿಕೊಂಡಿದ್ದಾನೆ. ನಾಳೆ ಗ್ಲೌಸು ತೊಟ್ಟು ತಾನು ಹೋಗಿ ಇಳಿದರೆ ಅವರಿಗೆ ಸಿಗುವುದು ಶಾಲು ತರಲು ಹೊರಗೆ ಹೋಗಿ ನಿಲ್ಲುವವನು.

ಆಟೋದಲ್ಲಿ ಕಟೌಟನ್ನು ಸೊಂಟಕ್ಕೆ ಮಡಚಿ ಪಕ್ಕದಲ್ಲಿ ಕೂರಿಸಿಕೊಂಡ. ಸಿಗ್ನಲಿನಲ್ಲಿ ಸ್ಕೂಟರಿನ ಹೆಂಗಸೊಬ್ಬಳು ಒಳಗೆ ಬಗ್ಗಿ ನೋಡಿ ಮುಗುಳ್ನಕ್ಕಳು. ಹರಿಹರ ಪ್ರತಿಯಾಗಿ ನಗುವ ಹೊತ್ತಿಗೆ ಅದು ತನಗಲ್ಲವೆಂದು ಗೊತ್ತಾಯಿತು.

ಮನೆಗೆ ಬಂದು ದೀಪ ಹಾಕಿದ. ಬರ್ತೀನಿ, ಎಂದು ಗಟ್ಟಿಯಾಗಿ ಹೇಳಿ ನೋಡಿದ. ಖಾಲಿ ಮನೆಯಲ್ಲಿ ಆ ಮಾತು ಪಾಲಿಸಿ ಮಾರುವವನ ಮಾತಿನ ಹಾಗೆ ಕೇಳಿಸಿತು. ಸ್ವಲ್ಪ ಮೆತ್ತಗೆ ಹೇಳಿದ. ಆಗಲೂ ಅಷ್ಟೇ. ಮೂರನೆಯ ಸಲ ಹೇಳುವುದರೊಳಗೆ ಫೋನು ಹೊಡೆದುಕೊಳ್ಳತೊಡಗಿತು.

ಆ ಕ್ಷಣದಲ್ಲಿ ಅವನಿಗೆ ಹೊಳೆದದ್ದು ತಮಾಷೆಯೇ. ಕಟೌಟನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿದ. ಎದುರಿಗೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿದ. ಕರೆ ಸ್ವೀಕರಿಸಿ, ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಅಲ್ಲಿಂದ ಪರದೆ ಓರೆಯಾಗಿ ಕಾಣುತ್ತಿತ್ತು, ಅವನು ಮಾತ್ರ ಅವರಿಗೆ ಕಾಣುವುದಿಲ್ಲ. ಅವರು ಒಂದು ಸಲ ನಗಲಿ, ಆಮೇಲೆ ಎದ್ದು ಬಂದು ಮುಖ ತೋರಿಸಿ, ಬರ್ತೀನಿ ಎಂದರಾಯಿತು.

ಅವರು ನಕ್ಕರು. ಅವನು ಎಣಿಸಿದ್ದಕ್ಕಿಂತ ಬಹಳ ನಕ್ಕರು. ಗುರುಚರಣ ಎಲ್ಲರನ್ನೂ ಕೂಗಿ ಕರೆದ, ಜಯರಾಮ ಚಪ್ಪಾಳೆ ತಟ್ಟಿದ, ಕಲಾವತಿ ಹರಿಹರಣ್ಣನಿಗೆ ಇಷ್ಟು ಕುಚೇಷ್ಟೆ ಯಾವಾಗ ಬಂತೆಂದು ಕೇಳಿದಳು. ಶ್ರೀಯಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

“ಅಪ್ಪಾ, ಸಾಪ್ಟಿಯಾ? ಇಂಗ ಸೂಪರಾ ಇರುಕ್ಕುಪ್ಪಾ. ಐ ಮಿಸ್ ಯೂ,” ಎಂದಳು. ಊಟ ಆಯ್ತಾ, ಇಲ್ಲಿ ತುಂಬಾ ಚೆನ್ನಾಗಿದೆ. ಆಮೇಲೆ ಕಟೌಟಿಗೆ ಮುತ್ತು ಕೊಟ್ಟಳು. ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಹೊರಗೆ ಹಿಮ ಶುರುವಾಗಿದೆ ಎಂದು ಯಾರೋ ಹೇಳಿದ್ದೇ ಓಡಿಹೋದಳು.

ಈಗ ಏಳಬೇಕು ಎಂದುಕೊಂಡ. ಗುರುಚರಣ ಆಗಲೇ ಕಟೌಟಿನೊಂದಿಗೆ ಮಾತಿಗಿಳಿದಿದ್ದ. ದಿನದ ವರದಿಯನ್ನೆಲ್ಲ ಒಪ್ಪಿಸಿದ. ಯಾರು ಎಲ್ಲಿ ಜಾರಿ ಬಿದ್ದರು, ಯಾರಿಗೆ ಮಜ್ಜಿಗೆ ಹುಳಿಯ ಕನಸು ಬಿತ್ತು, ಎಲ್ಲ. ಅವನ ದನಿಯಲ್ಲಿ ಎಂಥ ಅಕ್ಕರೆಯಿತ್ತೆಂದರೆ ಮಧ್ಯೆ ಬಾಯಿ ಹಾಕಲು ಹರಿಹರನಿಗೆ ಸಂಕೋಚವಾಯಿತು, ಬೇರೆಯವರ ಮನೆಯ ಮಾತಿನ ನಡುವೆ ಹೋಗಿ ನಿಂತ ಹಾಗೆ.

“ಸರಿ ಡಾ, ಬರ್ತೀಯಾ ಇಲ್ವಾ?” ಎಂದು ಕೊನೆಗೆ ಗುರುಚರಣ ಕೇಳಿದ. ಸ್ವಲ್ಪ ಕಾದ. ಕಟೌಟಿನ ಬಿಚ್ಚು ನಗೆಯನ್ನು ನೋಡಿ ತಾನೂ ನಕ್ಕ. “ಏನ್ ನಗ್ತಿದಾನೆ ನೋಡ್ರೋ. ರಾಸ್ಕಲ್. ಆಮೇಲೆ ಮೆಸೇಜ್ ಹಾಕು.”

ಬೆಂಕಿ ಹಾಕಲು ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿದ ಸದ್ದಾಯಿತು. ಚಿನ್ಮಯಿ ಹೋಗಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಟೋಪಿ ತೆಗೆದಳು. ಕೂದಲು ಕೆದರಿತ್ತು, ಮೂಗು ಕೆಂಪಾಗಿತ್ತು. ಎಷ್ಟು ಚೆನ್ನಾಗಿದ್ದಾಳೆ ಅನ್ನಿಸಿತು ಹರಿಹರನಿಗೆ.

“ಎಲ್ರೂ ಹೋದ್ರು,” ಎಂದಳು. “ಈಗ ಬನ್ನಿ.”

ಅವನು ನೆಲಕ್ಕೆ ಕೈ ಊರಿದ.

“ಡಿಸೆಂಬರಲ್ಲಿ ನಿಮ್ಮಾಫೀಸಲ್ಲಿ ಆಡಿಟ್ ಇರಲ್ಲ ಅಂತ ನಂಗೆ ಗೊತ್ತಿಲ್ವಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹೊರಡೋ ದಿನಾನೂ ಗೊತ್ತಿತ್ತು. ಹೇಳ್ತೀರೇನೋ ಅಂತ ಏರ್‌ಪೋರ್ಟ್ ತನಕ ನೋಡ್ದೆ. ಆಮೇಲೆ ಹೋಗ್ಲಿ ಅಂತ ಬಂದೆ. ನೀವಿಲ್ದೆ ಹೆಂಗಿರತ್ತೆ ಅಂತ ನಾನೂ ನೋಡ್ಬೇಕಿತ್ತು.”

ಕೈ ಊರಿದಲ್ಲೇ ಇತ್ತು.

“ಚೆನ್ನಾಗೇ ಇದೆ ಕಣ್ರೀ,” ಎಂದಳು. “ಅದಕ್ಕೇ ಭಯ ಆಗ್ತಿದೆ. ಬಂದು ಒಂದ್ಸಲ ಮುಖ ತೋರ್ಸಿ.”

ಏಳುವುದು ಕಷ್ಟದ ಕೆಲಸವೇನಲ್ಲ. ಎರಡು ಹೆಜ್ಜೆ. ಆದರೆ ಯಾವ ಮುಖ ಹೊತ್ತು ಏಳಬೇಕು ಎಂಬುದು ಹರಿಹರನಿಗೆ ತಿಳಿಯಲಿಲ್ಲ. ಅಳುಮೋರೆಯೆ, ಸಿಕ್ಕಿಬಿದ್ದವನ ಪೆಚ್ಚು ನಗೆಯೆ, ಎಲ್ಲ ತಮಾಷೆ ಎನ್ನುವ ಮುಖವೆ? ಅವಳ ಎದುರಿಗೆ ಆಗಲೇ ಒಂದು ಕೂತಿದೆ, ಅದರ ಪಕ್ಕದಲ್ಲಿ ಹೋಗಿ ಬಗ್ಗಬೇಕು. ಅವಳು ಎರಡನ್ನೂ ಹೋಲಿಸಿ ನೋಡುತ್ತಾಳೆ, ಫ್ಲೆಕ್ಸ್ ಅಂಗಡಿಯವನಂತೆ. ಅವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅಳು ಬಂತು. ಅಳು ಬಂದದ್ದರಿಂದ ಏಳುವುದು ಇನ್ನೂ ಆಗದ ಮಾತಾಯಿತು. ಮೂಗಿನ ಸದ್ದು ಕೇಳಿಸಬಾರದೆಂದು ಬಾಯಿಂದ ಉಸಿರಾಡಿದ.

ಚಿನ್ಮಯಿ ಕಾದಳು. ಕಟೌಟನ್ನು ನೋಡುತ್ತಿರಲಿಲ್ಲ, ಅದರ ಪಕ್ಕದ ಖಾಲಿ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ ಟೋಪಿ ಹಾಕಿಕೊಂಡು ಎದ್ದಳು.

ಅವಳು ಕರೆಯನ್ನು ಕಡಿಯಲಿಲ್ಲ. ಹೊರಗೆ ಹೋಗಿ, ಅಲ್ಲಿ ನಿಲ್ಲಿಸಿದ್ದ, ಹಿಮ ಮೆತ್ತಿದ್ದ ತಮ್ಮ ಕಟೌಟನ್ನು ಎತ್ತಿಕೊಂಡು ಒಳಗೆ ಬಂದಳು. ಅದರ ಹೆಗಲ ಮೇಲಿನ ಹಿಮವನ್ನು ಗ್ಲೌಸಿನ ಕೈಯಿಂದ ಕೊಡವಿದಳು. ಸೊಂಟದಲ್ಲಿ ಮಡಚಿ, ತಾನು ಕೂತಿದ್ದ ಕುರ್ಚಿಯಲ್ಲಿ ಕೂರಿಸಿ, ಮುಖ ಸರಿಯಾಗಿ ಪರದೆಗೆ ಬರುವಂತೆ ತಿರುಗಿಸಿದಳು. ಅವಳ ಕೈ ಅದರ ಕೆನ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಬಾಗಿಲು ಮತ್ತೊಮ್ಮೆ ಮುಚ್ಚಿತು.

ಹರಿಹರ ನೆಲದ ಮೇಲೆ ಕೂತೇ ನೋಡಿದ. ಬೆಟ್ಟದ ಮೇಲಿನ ಖಾಲಿ ಕೋಣೆಯಲ್ಲಿ ಒಬ್ಬ, ಊಟದ ಮೇಜಿನ ಮುಂದೆ ಒಬ್ಬ, ಪಂಚೆಯುಟ್ಟು ಎದುರುಬದುರು ಕೂತು, ಕಣ್ಣು ಮುಚ್ಚಿಹೋಗುವಂತೆ ನಗುತ್ತಿದ್ದರು. ಅಲ್ಲಿಯವನ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಇಲ್ಲಿಯವನು ಫ್ಯಾನಿನ ಗಾಳಿಗೆ ಸಣ್ಣಗೆ ತಲೆಯಾಡಿಸುತ್ತಿದ್ದ, ಅವನು ಹೇಳುತ್ತಿದ್ದುದನ್ನೆಲ್ಲ ಒಪ್ಪಿಕೊಳ್ಳುತ್ತಿರುವ ಹಾಗೆ.